ತಮ್ಮನ ಎಡ ಮೊಣಕಾಲು

ಅಲ್ಲಾಡಿತು, ಎಡ ಮೊಣಕಾಲು, ಬಟ್ಟೆಯೊಳಗೆ ಇಲಿ ಸರಿದ ಹಾಗೆ — ಮುಖಕ್ಕೆ ಕಟ್ಟಿದ ಜಾಲರಿಯ ಸಂದಿಯಿಂದ ಅಂಪೈರ್ ನೋಡಿದ, ನೋಡಿದೆನೋ ಇಲ್ಲವೋ, ಬೆವರು ಕಣ್ಣಿಗಿಳಿದಿದೆ, ಇಲ್ಲ, ನೋಡಿದ್ದು ನಿಜ, ಚೆಂಡು ಇನ್ನೂ ಕೈಗವಸಿನಲ್ಲೇ ಇದೆ, ದಿಬ್ಬದ ಮೇಲೆ ಎಸೆಯಲು ನಿಂತವನು ತಮ್ಮ, ಒಡಹುಟ್ಟಿದವನು, ಆದರೇನು, ಊರಿನ ಬೇಸ್‌ಬಾಲ್ ಆಟಕ್ಕೆಲ್ಲ ಇರುವುದು ಒಬ್ಬನೇ ಅಂಪೈರ್, ನಿಂತ ಮೇಲೆ ಕಲ್ಲಾಗಬೇಕು, ಎಸೆಯುವ ಹಾಗೆ ಮೈ ಆಡಿಸಿ ಎಸೆಯದಿದ್ದರೆ ಮೋಸ, ಅದಕ್ಕೆ ಬಾಕ್ ಅಂತಾರೆ, ಬಾಕ್ ಅಂದರೆ ಮೂರನೇ ಬೇಸಿನಲ್ಲಿ ಕಾದಿರುವ ಎದುರು ತಂಡದ ಆ ಗಡ್ಡದವನು ಕೈಬೀಸಿಕೊಂಡು ಬಂದು ರನ್ ತೆಗೆದುಕೊಳ್ಳುತ್ತಾನೆ, ಕೊನೆಯ ಸರದಿಯಲ್ಲಿ ಸಮಸಮ ನಿಂತ ಆಟ ಅಲ್ಲಿಗೆ ಮುಗಿಯಿತು, ತಮ್ಮನನ್ನು ಆರಿಸಲೆಂದೇ ಬಂದು ಮೇಲಿನ ಸಾಲಿನಲ್ಲಿ ಕೂತಿರುವ ದೊಡ್ಡ ತಂಡದವರು ಎದ್ದು ಹೋಗುತ್ತಾರೆ, ತಮ್ಮನ ಕಥೆಯೂ ಮುಗಿಯಿತು. ಮೊಣಕಾಲು, ಅಪ್ಪನದೂ ಹೀಗೇ ಶುರುವಾದದ್ದು, ಊಟದ ಮೇಜಿನ ಕೆಳಗೆ, ಆಮೇಲೆ ಚಮಚ ಹಿಡಿದ ಕೈ, ಆಮೇಲೆ ನಾಲಿಗೆ, ಸಾಯುವವರೆಗೂ ಹೇಲುಚ್ಚೆ ಬಳಿದವನು ಅಂಪೈರ್, ತಮ್ಮ ಮೂಗು ಹಿಡಿದುಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದ, ಗೆಳೆಯರ ಮುಂದೆ ಅಪ್ಪನ ನಡಿಗೆ ನಡೆದು ತೋರಿಸುತ್ತಿದ್ದ, ಹೊಟ್ಟೆ ಹುಣ್ಣಾಗುವಷ್ಟು ನಗು, ಒಳಗೆ ಮಲಗಿದ್ದ ಅಪ್ಪನಿಗೆ ಕೇಳಿಸುತ್ತಿತ್ತು, ಏನೋ ಅಷ್ಟು ನಗ್ತಿದಾರೆ, ಏನಿಲ್ಲ ಅಪ್ಪಾ, ನೀನು ಮಲಗು. ಇದು ರಕ್ತದಲ್ಲೇ ಬರೋದು, ನಿಮ್ಮಿಬ್ಬರಲ್ಲಿ ಒಬ್ಬರಿಗೆ ಬಂದರೂ ಬರಬಹುದು ಅಂದಿದ್ದರು ಡಾಕ್ಟರು, ಅವತ್ತಿನಿಂದ ದಿನಾ ಬೆಳಿಗ್ಗೆ ಬಚ್ಚಲಲ್ಲಿ ಒಂಟಿಕಾಲಲ್ಲಿ ನಿಂತು ತನ್ನ ಮೊಣಕಾಲನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು, ನಾನೋ ಅವನೋ, ಹೊರಗೆ ಹೆಂಡತಿ, ಇನ್ನೂ ಎಷ್ಟು ಹೊತ್ತುರೀ — ಅಗೋ, ಮತ್ತೆ, ಮೊಣಕಾಲು, ಮೋಸವಲ್ಲ ಇದು, ಮೋಸ ಮಾಡುವವನು ಓಟಗಾರನ ಕಡೆ ಕಳ್ಳನೋಟ ಹಾಕುತ್ತಾನೆ, ತಮ್ಮ ನೆಟ್ಟಗೆ ಮುಂದೆ ನೋಡುತ್ತಿದ್ದಾನೆ, ಪಾಪ, ಅವನಿಗೆ ಗೊತ್ತೇ ಇಲ್ಲ, ಅಂದರೆ ಬಂದಿರುವುದು ಅವನಿಗೆ, ನನಗಲ್ಲ, ಅಬ್ಬಾ, ಹೊಟ್ಟೆ ತಣ್ಣಗಾಯಿತು, ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆಟ ನಿಲ್ಲಿಸಿ ಕಿವಿಯಲ್ಲಿ ಹೇಳಬಹುದು, ಬಾರೋ ಪುಟ್ಟ, ಡಾಕ್ಟರ ಹತ್ತಿರ ಹೋಗೋಣ, ಯಾಕೆ ಹೇಳಬೇಕು, ಅಪ್ಪನನ್ನು ನಟಿಸಿದವನಲ್ಲವೇ, ನಟಿಸಲಿ ಈಗ —

ಬಾಕ್! ಕೂಗಿದ, ಕೈ ಎತ್ತಿದ, ಗಡ್ಡದವನು ನಡೆದೇ ಬಂದ, ಜನ ಎದ್ದು ನಿಂತು ಕಳ್ಳ, ಕಳ್ಳ ಅಂತ ತಮ್ಮನಿಗೆ ಉಗಿಯುತ್ತಿದ್ದಾರೆ, ಮೇಲಿನ ಸಾಲಿನವರು ಆಗಲೇ ಮೆಟ್ಟಿಲಿಳಿಯುತ್ತಿದ್ದಾರೆ, ದಿಬ್ಬ ಇಳಿದು ಬಂದ ತಮ್ಮ, ನಾನು ಅಲ್ಲಾಡಿಸಿಲ್ಲ ಕಣೋ ಅಣ್ಣ, ಅಪ್ಪನಾಣೆ — ಅಪ್ಪನಾಣೆಯಂತೆ! — ಗೊತ್ತು ಬಿಡೋ, ಅಂದ ಅಂಪೈರ್, ಜಾಲರಿ ತೆಗೆಯದೆ, ತಮ್ಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ನೀನು ಅಲ್ಲಾಡಿಸಲಿಲ್ಲ, ಅದೇ ಅಲ್ಲಾಡ್ತಾ ಇದೆ, ಕೆಳಗೆ ನೋಡು. ತಮ್ಮ ನೋಡಿದ, ಬಗ್ಗಿದ, ಎರಡೂ ಕೈಯಿಂದ ಅಮುಕಿ ಹಿಡಿದ, ಅಮುಕಿದಷ್ಟೂ, ಬೆರಳುಗಳ ಅಡಿಯಲ್ಲಿ, ಮೊಣಕಾಲು, ಎಡ ಮೊಣಕಾಲು