ದಾನೇಶ್ವರಿಯ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ

೧

ಈ ಕಥೆಯನ್ನು ಗುಂಡಿ ಒತ್ತುವಲ್ಲಿಂದ ಶುರು ಮಾಡಬೇಕೋ, ಪರದೆ ಬೆಳಗುವಲ್ಲಿಂದಲೋ? ಎರಡರ ನಡುವೆ ಹದಿನಾಲ್ಕು ನಿಮಿಷಗಳಿವೆ. ಬೇರೆ ಕಥೆಯಾಗಿದ್ದರೆ ಹಾರಿಸಿಬಿಡಬಹುದಿತ್ತು. ಇಲ್ಲಿ ಕಥೆ ಇರುವುದೇ ಆ ಹದಿನಾಲ್ಕು ನಿಮಿಷದಲ್ಲಿ.

ಸಾಯನ್ನಿನ ಒಂದು ಹಳೇ ಬಿಲ್ಡಿಂಗ್, ಮೂರನೇ ಮಾಳಿಗೆ. ದಾನೇಶ್ವರಿ ದಾದರಿನ ಪ್ರೆಸ್ಸೊಂದಕ್ಕಾಗಿ ಮನೆಯಲ್ಲೇ ಕೂತು ಕನ್ನಡ ಲಗ್ನಪತ್ರಿಕೆಗಳನ್ನು ಟೈಪ್ ಮಾಡುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ಡಬ್ಬದೊಳಗೆ ಏನೋ ಗರಗರ ಅನ್ನುತ್ತದೆ. ಪರದೆಯ ಮೇಲೆ ಸಣ್ಣ ಉಂಗುರವೊಂದು ಸುತ್ತತೊಡಗುತ್ತದೆ. ದಾನೇಶ್ವರಿ ಕುರ್ಚಿಯ ಮೇಲೆ ಕಾಲು ಮಡಚಿ ಒರಗಿ ಕೂರುತ್ತಾಳೆ. ಏನೂ ಮಾಡುವುದಿಲ್ಲ.

ದಿನದ ಬೇರೆ ಯಾವ ಹೊತ್ತಿನಲ್ಲಿ ಹಾಗೆ ಕೂತರೂ ಅತ್ತೆ ಮಲ್ಲವ್ವನ ಕೈಯಿಂದ ಬಿಡಿಸಲೆಂದು ಮೆಂತ್ಯಸೊಪ್ಪಿನ ಸೂಡೊಂದು ಮಡಿಲಿಗೆ ಬಂದು ಬೀಳುತ್ತದೆ. ಈ ಹೊತ್ತಿನಲ್ಲಿ ಮಾತ್ರ ಮಲ್ಲವ್ವನೇ ಬಾಗಿಲಿಗೆ ಬಂದವರನ್ನು ಗದರುತ್ತಾಳೆ: "ಸದ್ದ ಮಾಡಬ್ಯಾಡ್ರಿ, ನಮ್ಮ ಸೊಸಿ ಕಂಪ್ಯೂಟರ್ ಚಾಲೂ ಮಾಡಾಕತ್ತಾಳ."

(ಮೊದಲ ಕರಡಿನಲ್ಲಿ ದಾನೇಶ್ವರಿ ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದಳು. ಅವಳಿಗೇ ಅದು ಹಿಡಿಸಲಿಲ್ಲ. "ನಿಟ್ಟುಸಿರು ಯಾಕ್ರಿ? ನಾ ಮಜಾದಾಗ ಕುಂತಿರ್ತೇನಿ," ಎಂದಳು. ತೆಗೆದೆ. ಕಿಟಕಿಯನ್ನೂ ತೆಗೆದೆ, ಅದರಾಚೆ ಪಕ್ಕದ ಬಿಲ್ಡಿಂಗಿನ ಪೈಪು ಬಿಟ್ಟರೆ ಏನೂ ಇರಲಿಲ್ಲ.)

೨

ಕಥೆಗೊಬ್ಬ ಖಳನಾಯಕ ಬೇಕು. ಹುಡುಕಿದರೆ ಸಿಕ್ಕವಳು ಮಗಳು ಸ್ನೇಹಲ್. ತಾಯಿಯ ಮೇಲಿನ ಪ್ರೀತಿ ಬಿಟ್ಟರೆ ಅವಳದು ಬೇರೆ ಅಪರಾಧವಿಲ್ಲ. ಒಂದು ಭಾನುವಾರ ಮಧ್ಯಾಹ್ನ ಗ್ರಾಂಟ್ ರೋಡಿನಿಂದ ಪುಟ್ಟ ಡಬ್ಬಿಯೊಂದನ್ನು ತಂದಳು.

"ಮಮ್ಮಿ, ಸರ್ಪ್ರೈಸ್! ಎಸ್‌ಎಸ್‌ಡಿ. ಹಳೇ ಡಿಸ್ಕ್ ತೆಗೆದು ಇದು ಹಾಕಿದ್ರೆ ಏಕದಮ್ ಫಾಸ್ಟ್. ನಿನ್ನ ವೇಟಿಂಗ್ ಖತಮ್!"

"ಎಷ್ಟ ಫಾಸ್ಟ?"

"ಬಟನ್ ದಬಾಯಾ, ಚಾಲೂ. ಟ್ವೆಂಟಿ ಸೆಕೆಂಡ್ ಭೀ ಇಲ್ಲ."

ದಾನೇಶ್ವರಿಯ ಮುಖ ಬಿಳುಚಿತು ಎಂದು ಬರೆದಿದ್ದೆ. ಅತಿಯಾಯಿತು. ಮುಖ ನಕ್ಕಿತು. ಎಡಗೈ ಮಾತ್ರ ಕಂಪ್ಯೂಟರಿನ ಡಬ್ಬದ ಮೇಲೆ ಹೋಗಿ ಕೂತಿತು, ಜ್ವರ ನೋಡುವವರ ಹಾಗೆ.

೨, ಇನ್ನೊಮ್ಮೆ

("ಬ್ಯಾಡ" ಅಂದುಬಿಡಲಿ ಎಂದು ಬರೆದು ನೋಡಿದೆ. ಸ್ನೇಹಲ್ "ಯಾಕೆ?" ಎಂದಳು. ಉತ್ತರ ಕೊಡಬೇಕೆಂದರೆ ದಿನಾ ಹದಿನಾಲ್ಕು ನಿಮಿಷ ಸುಮ್ಮನೆ ಕೂರುತ್ತೇನೆಂದು ಒಪ್ಪಿಕೊಳ್ಳಬೇಕು, ಅದೂ ಅತ್ತೆಯ ಎದುರಿಗೆ. ಕರಡು ಅಲ್ಲೇ ನಿಂತುಹೋಯಿತು.)

೩

ಧಾರಾವಿಯಿಂದ ಮುಶರಫ ಬಂದ. ರಿಪೇರಿಯವನು, ಮೂಲ ವಿಜಯಪುರದ ಕಡೆಯವನು. ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಕಿಸೆಗೆ ಸಿಕ್ಕಿಸಿಕೊಳ್ಳುತ್ತಾನೆ. ಅವನು ಬರುವಷ್ಟರಲ್ಲಿ ಮಲ್ಲವ್ವ ಹೊಸ ಎಸ್‌ಎಸ್‌ಡಿಯ ಮೇಲೆ ಮೂರು ಬೆರಳು ವಿಭೂತಿ ಎಳೆದು ಕೈಮುಗಿದಾಗಿತ್ತು.

"ಅಜ್ಜೀ, ವೈರ್ ಸಿಗಿಸೋ ಜಾಗಾಕ್ಕೂ ಹಚ್ಚೀರಿ?" ಮುಶರಫ ಉಫ್ ಉಫ್ ಎಂದು ಊದಿದ.

"ಊದಬ್ಯಾಡೋ, ಎಂಜಲ ಆಗ್ತೈತಿ."

"ಊದಲಿಲ್ಲಂದ್ರ ಕನೆಕ್ಷನ್ ಆಗಂಗಿಲ್ರಿ."

ಆಮೇಲೆ ದಾನೇಶ್ವರಿಯತ್ತ ತಿರುಗಿದ. "ಭಾಭಿ, ಎರಡು ತರೀಕಾ ಅದಾವ್ರಿ. ಎಲ್ಲಾ ಹೊಸದಾಗಿ ಹಾಕೂದು, ಇಲ್ಲಾ ಹಳೇ ಡಿಸ್ಕಿನ್ಯಾಗ ಇರೂದೆಲ್ಲಾ ಇದ್ದಂಗ ಇದಕ್ಕ ಕಾಪಿ ಮಾಡೂದು. ಯಾವುದು ಮಾಡ್ಲಿ?"

ತಿಳಿದವರು ಇಲ್ಲಿ ಫೈಲು, ಫಾಂಟು ಎಂದೆಲ್ಲ ವಿಚಾರಿಸುತ್ತಾರೆ. ದಾನೇಶ್ವರಿ ಕೇಳಿದ್ದು ಒಂದೇ. "ಯಾವುದಕ್ಕ ಹೆಚ್ಚ ಹೊತ್ತ ಹಿಡೀತೈತಿ?"

"ಕಾಪಿಗ್ರಿ. ದೋ ಘಂಟಾ. ಹಳೇದು ಬುಡ್ಢಾ ಆಗೈತಿ, ತೀನ್ ಭೀ ಆಗಬಹುದು."

"ಕಾಪಿನ ಮಾಡ್ರಿ."

"ನಡುವ ಯಾರೂ ಮುಟ್ಟಬಾರ್ದು ನೋಡ್ರಿ."

"ನಾ ಕಾಯ್ತೇನಿ!"

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅಷ್ಟು ದೀರ್ಘ ಮಧ್ಯಾಹ್ನ ಅವಳಿಗೆ ಸಿಕ್ಕಿರಲಿಲ್ಲ. ಕಾಪಿ ಶೇಕಡಾ ಒಂಬತ್ತು. ಸ್ನೇಹಲ್ ಚಹಾ ಮಾಡಿದಳು. ಶೇಕಡಾ ಮೂವತ್ತೊಂದು. ಮಲ್ಲವ್ವ ತಾನೇ ಹಿಟ್ಟು ನಾದಿದಳು. (ಈಗ ಕರೆಂಟ್ ಹೋಗಬೇಕು, ಕಥೆಗೊಂದು ಸಂಘರ್ಷ ಬೇಡವೇ? ಆದರೆ ಭಯವಾಯಿತು. ಯಾವುದಾದರೂ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರೇ ಅಳಿಸಿಹೋದರೆ ಬೀಗರಿಗೆ ಉತ್ತರ ಹೇಳುವವರು ಯಾರು? ಕರೆಂಟನ್ನು ಇರಗೊಟ್ಟೆ.)

ತೊಂಬತ್ತೇಳಕ್ಕೆ ಬಂದಾಗ ದಾನೇಶ್ವರಿ ದನಿ ತಗ್ಗಿಸಿದಳು. "ಮುಶರಫ, ಇದು ಹಾಕಿದ ಮ್ಯಾಲೂ ಸ್ವಲ್ಪ ಸಾವಕಾಶ ಚಾಲೂ ಆಗೂ ಹಂಗ ಮಾಡಾಕ ಬರ್ತೈತೇನಪಾ?"

ಮುಶರಫ ಅವಳನ್ನು ನೋಡಿದ. ಪರದೆಯನ್ನು ನೋಡಿದ. "ಭಾಭಿ, ಇಷ್ಟ ವರ್ಷದಾಗ ಇದನ್ನ ಯಾರೂ ಕೇಳಿಲ್ರಿ."

೪

ಹದಿನೇಳು ಸೆಕೆಂಡು. ಉಂಗುರಕ್ಕೆ ಸರಿಯಾಗಿ ಸುತ್ತಲೂ ಪುರುಸೊತ್ತಾಗಲಿಲ್ಲ. ಸ್ನೇಹಲ್ ಚಪ್ಪಾಳೆ ತಟ್ಟಿದಳು. ಮಲ್ಲವ್ವ ಕೇಳಿದಳು: "ಆತೇನ? ಇಷ್ಟನ?"

೫

ಮುಗಿಸುವ ದಾರಿಗಳು ನನ್ನ ಬಳಿ ಇವೆ.

ಅ) ದಾನೇಶ್ವರಿ ಸುತ್ತುವ ಉಂಗುರದ ಚಿತ್ರವೊಂದನ್ನು ಪರದೆಯ ತುಂಬ ಇಟ್ಟು ಹಳೆಯ ನಿಧಾನವನ್ನು ನಟಿಸುತ್ತಾಳೆ. ಇದನ್ನು ಅವಳಿಗೆ ಓದಿ ಹೇಳಿದೆ. "ನನಗ ಸುಳ್ಳ ಹೇಳಾಕ ಬರೂದಿಲ್ರಿ," ಎಂದಳು. "ಇಷ್ಟ ದಿನಾ ನನ್ನ ಪರವಾಗಿ ಕಂಪ್ಯೂಟರ್ ಹೇಳತಿತ್ತು."

ಆ) ಮಲ್ಲವ್ವನಿಗೆ ಎಲ್ಲವೂ ಮೊದಲಿಂದ ಗೊತ್ತಿತ್ತು, ಬೇಕೆಂದೇ ಸೊಸೆಗೆ ಆ ಹೊತ್ತನ್ನು ಬಿಟ್ಟುಕೊಟ್ಟಿದ್ದಳು. ನನಗೆ ತುಂಬ ಹಿಡಿಸಿದ ಮುಕ್ತಾಯ. ಮಲ್ಲವ್ವ ಒಂದೇ ಏಟಿಗೆ ಹೊಡೆದುಹಾಕಿದಳು: "ನನಗೇನೂ ಗೊತ್ತಿರಲಿಲ್ಲ. ನನ್ನ ಚೊಲೋ ಅತ್ತಿ ಮಾಡಾಕ ಹೋಗಬ್ಯಾಡ."

ಇ) ಸೋಮವಾರ ಬೆಳಿಗ್ಗೆ ಹತ್ತು. ದಾನೇಶ್ವರಿ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಾಳೆ. ಪರದೆ ಕಪ್ಪಗಿದೆ. ಮಲ್ಲವ್ವ ಅಡುಗೆಮನೆಯಿಂದ ಇಣುಕಿದಳು.

"ಯಾಕವಾ, ಚಾಲೂ ಆಗವಲ್ದೇನ?"

"ನಾನ ಚಾಲೂ ಮಾಡಿಲ್ರಿ ಅತ್ತಿ."

"ಮತ್ತ ಏನ ಮಾಡಾಕತ್ತಿ?"

ನಾನು ಅವಸರದಲ್ಲಿ ಮೂರು ಉತ್ತರ ಬರೆದುಕೊಟ್ಟೆ: ತಲೆನೋವು, ವೋಲ್ಟೇಜ್, ಪ್ರೆಸ್ಸಿನಿಂದ ಬರಬೇಕಾದ ಫೋನು. ದಾನೇಶ್ವರಿ ಮೂರನ್ನೂ ಓದಿ ಪಕ್ಕಕ್ಕಿಟ್ಟಳು.

"ಕುಂತೇನ್ರಿ."

"ಸುಮ್ಮನ?"

"ಹೂನ್ರಿ. ಸುಮ್ಮನ."

ಈಗ ಮಲ್ಲವ್ವ ಏನೋ ಹೇಳಬೇಕು. ಬಾಯಿ ತೆರೆದಿದ್ದಾಳೆ. ನಿಮಗೂ ತಿಳಿಯಬೇಕಾಗಿದೆ, ನನಗಂತೂ ತಡೆಯಲಾಗುತ್ತಿಲ್ಲ. ಬೈಗುಳವೋ ನಗುವೋ, ಒಂದನ್ನು ಬರೆದೇಬಿಡುತ್ತೇನೆಂದು ಬೆರಳೆತ್ತಿದೆ. ದಾನೇಶ್ವರಿ ತಲೆ ಹೊರಳಿಸಿ ನನ್ನತ್ತ ನೋಡಿದಳು.

"ಆಕಿ ಏನಂತಾಳ ಆಮ್ಯಾಲೆ ನೋಡೂಣಂತ. ಹದಿನಾಕರಾಗ ಇನ್ನೂ ನಾಕ ನಿಮಿಷ ಅಷ್ಟ ಆಗೈತಿ. ನೀವೂ ಬರಿಯೂದು ಬಿಡ್ರಿ."