ಕೇಳಿದವರ ಸಹಿ

ಹದಿಮೂರನೆಯ ಸೈರನ್ನೂ ಕೂಗಲಿಲ್ಲ. ಸತ್ಯಮೂರ್ತಿ ಸ್ವಿಚ್ ಹಾಕಿ ಪರೀಕ್ಷೆಯ ಪೆಟ್ಟಿಗೆಗೆ ಕಿವಿ ಇಟ್ಟ. ಅಂಧೇರಿಯ ಆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅಕ್ಕಪಕ್ಕದವರು ಗಲಾಟೆಯೆಂದು ಜಗಳಕ್ಕೆ ಬರುತ್ತಿದ್ದುದರಿಂದ, ಹಳೆಯ ರಜಾಯಿ ತುಂಬಿದ ಮರದ ಪೆಟ್ಟಿಗೆಯೊಳಗಿಟ್ಟೇ ಸೈರನ್ನುಗಳನ್ನು ಕೂಗಿಸುವುದು ರೂಢಿ. ಒಳಗಿನಿಂದ ಏನೂ ಬರಲಿಲ್ಲ. ಅದಕ್ಕೂ ಕೆಂಪು ಚೀಟಿ ಅಂಟಿಸಿದ.

ಚೆಂಬೂರಿನ ರಾಸಾಯನಿಕ ಕಾರ್ಖಾನೆಯೊಂದಕ್ಕೆ ಸಂಜೆಯೊಳಗೆ ನಲವತ್ತು ಸೈರನ್ ಹೋಗಬೇಕಿತ್ತು. ಹನ್ನೆರಡು ವರ್ಷ ಅವನು ಪರೀಕ್ಷಿಸಿದ್ದು ಮೋಟಾರಿನ ಭಾರೀ ಸೈರನ್ನುಗಳನ್ನು. ಈ ಪೀಜೋ ಸೈರನ್ ಹೊಸದು. ಹಿತ್ತಾಳೆಯ ಬಿಲ್ಲೆಗೆ ಅಂಟಿಸಿದ ಪಿಂಗಾಣಿಯ ತೆಳು ಪದರ. ವೋಲ್ಟೇಜು ಕೊಟ್ಟರೆ ಉಬ್ಬುತ್ತದೆ, ತಿರುಗಿಸಿ ಕೊಟ್ಟರೆ ತಗ್ಗುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಅದು ಗೊಣಗುತ್ತದೆ, ಅಷ್ಟೆ. ಸಂಜೆ ಕ್ಲಾಸಿನಲ್ಲಿ ಕಲಿತದ್ದನ್ನು ನಂಬಿ ಅವನು ಒಂದು ಕಾಯಿಲ್ ಸೇರಿಸಿದ್ದ. ಕಾಯಿಲಿನ ಕರೆಂಟನ್ನು ಟ್ರಾನ್ಸಿಸ್ಟರು ಥಟ್ಟನೆ ಕಡಿದಾಗಲೆಲ್ಲ ಅರವತ್ತು ವೋಲ್ಟು ಚಿಮ್ಮಿ ಬಿಲ್ಲೆಗೆ ಬಡಿಯಬೇಕು. ಮೊದಲ ಮಾದರಿ ದಪ್ಪ ದನಿಯಲ್ಲಿ ಕೂಗಿತ್ತು. ಹೋದ ವಾರ ಅವನೇ ಆ ದನಿಯನ್ನು ಬಿಲ್ಲೆಗೆ ಒಗ್ಗುವ ಕೀರಲು ಮಟ್ಟಕ್ಕೆ, ಸೆಕೆಂಡಿಗೆ ಮೂರು ಸಾವಿರ ಸಲಕ್ಕೆ, ಏರಿಸಿದ್ದ. ಯಾಕಾದರೂ ಕೈ ಹಾಕಿದೆನೋ ಎಂದು ಈಗ ಅನಿಸುತ್ತಿತ್ತು. ಮಾಲೀಕ ಜಯಸಿಂಹ ಆವತ್ತೇ ಹೇಳಿದ್ದರು: "ಕೂಗ್ದಿದ್ರೆ ಹೊಣೆ ನಿಮ್ದೇ ಮೂರ್ತಿ. ಆಮೇಲೆ ಇಲ್ಲಿ ಕೆಲಸ ಇರಲ್ಲ."

ಅಳೆದು ನೋಡಿದರೆ ಅರವತ್ತು ವೋಲ್ಟು ಸರಿಯಾಗಿಯೇ ಇತ್ತು. ಹಾಗಾದರೆ ಬಿಲ್ಲೆಗಳೇ ಸತ್ತಿರಬೇಕು. ಹದಿಮೂರನೆಯದನ್ನು ಸ್ವಿಚ್ಚೂ ತೆಗೆಯದೆ ಪೆಟ್ಟಿಗೆಯಲ್ಲಿ ಹಾಗೆಯೇ ಬಿಟ್ಟು, ಡಬ್ಬಿಯಿಂದ ಒಂದು ಬಿಡಿ ಬಿಲ್ಲೆ ತೆಗೆದು, ಅದರ ಎರಡು ತಂತಿಗಳನ್ನು ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪಿಗೆ ಸಿಕ್ಕಿಸಿದ. ಬಿಲ್ಲೆಯನ್ನು ಉಗುರಿನಿಂದ ತಟ್ಟಿದರೆ ಅದೇ ಚೂರು ಕರೆಂಟು ಹುಟ್ಟಿಸುತ್ತದೆ, ಪರದೆಯ ಹಸಿರು ಗೆರೆ ಜಿಗಿಯುತ್ತದೆ.

ತಟ್ಟುವ ಮೊದಲೇ ಗೆರೆ ನಡುಗುತ್ತಿತ್ತು.

ಟ್ಯೂಬ್‌ಲೈಟು ಆರಿಸಿದ. ನಡುಕ ನಿಲ್ಲಲಿಲ್ಲ. ಅಂಗೈಯನ್ನು ಬಿಲ್ಲೆಯ ಮೇಲೆ ಕವುಚಿದಾಗ ಗೆರೆ ನೇರವಾಯಿತು. ಎತ್ತಿದೊಡನೆ ಮತ್ತೆ ನಡುಗಿತು. ಅಲೆಗಳನ್ನು ಎಣಿಸಿದ. ಸೆಕೆಂಡಿಗೆ ಮೂರು ಸಾವಿರ. ಹಾಡುಹಗಲಿನ ಆ ಕೋಣೆಯಲ್ಲಿ ಏನೋ ಎಡೆಬಿಡದೆ ಕೂಗುತ್ತಿತ್ತು. ಬಿಲ್ಲೆಗೆ ಅದು ಕೇಳುತ್ತಿತ್ತು.

ಪಕ್ಕದ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದ ಉಡುಪಿ ಕಡೆಯ ನೀಲಾವತಿ ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಳು. ಏನಾದರೂ ಕೇಳಿಸುತ್ತಿದೆಯೇ ಎಂದು ಅವನು ಮೆಲ್ಲಗೆ ಕೇಳಿದ.

"ಎಂತ ಕೇಳುದು ಮಾರಾಯ್ರೆ? ಬೆಳಗ್ಗಿಂದ ತಲೆ ಒಡೀತಾ ಉಂಟು. ಟೆಸ್ಟಿಂಗ್ ಅಲ್ವಾ ಅಂತ ಸುಮ್ಮನಿದ್ದೆ. ಒಮ್ಮೆ ಬಂದ್ ಮಾಡಿ."

ಅವನು ಸ್ವಿಚ್ ತೆಗೆದ. ಗೆರೆ ನೇರವಾಯಿತು, ಅವಳ ಹುಬ್ಬು ಸಡಿಲವಾಯಿತು. ಹಾಕಿದ. ಹುಬ್ಬು ಗಂಟಿಕ್ಕಿತು. ತೆಗೆದ, ಹಾಕಿದ.

"ನಾನೆಂತ ನಿಮ್ಮ ಮೀಟರಾ?" ಎಂದಳು ಅವಳು.

ಎರಡು ವರ್ಷದಿಂದ ಮಳೆಗಾಲದಲ್ಲಿ ಅವನಿದ್ದ ಕಾಲೊನಿಯ ಹಿಂದೆ ಜೀರುಂಡೆ ಕೂಗುತ್ತಿರಲಿಲ್ಲ. ಗುಡ್ಡ ಕಡಿದರಲ್ಲ, ಅದಕ್ಕೇ ಎಂದುಕೊಂಡಿದ್ದ.

ಅಷ್ಟರಲ್ಲಿ ಜಯಸಿಂಹ ಬಂದರು. ಬಾಗಿಲಲ್ಲೇ ನಿಂತು, ಪೆಟ್ಟಿಗೆಯ ಕಡೆ ನೋಡಿ, ಚೆನ್ನಾಗಿ ಕೂಗುತ್ತಿದೆ ಎಂದು ಮೆಚ್ಚಿದರು. ಟೆಂಪೋ ಕೆಳಗೆ ಬಂದಿದೆ, ಬೇಗ ಸೈನ್ ಮಾಡಿ ಎಂದರು. ಪ್ರತಿ ಸೈರನ್ನಿಗೂ ಒಂದು ಕಾರ್ಡು. ಅದರ ಕೊನೆಯಲ್ಲಿ, 'ಕಿವಿಯಿಂದ ಕೇಳಿ ಪಾಸು ಮಾಡಿದವರು' ಎಂಬಲ್ಲಿ ಅವನ ಸಹಿ ಬೀಳಬೇಕು. ಸರ್ಕ್ಯೂಟು ಸರಿಯಿತ್ತು. ಸಹಿ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಸರ್, ನನಗೆ ಇದು ಕೇಳಿಸ್ತಾ ಇಲ್ಲ."

ಜಯಸಿಂಹ ನಕ್ಕರು. ಆಮೇಲೆ ನಗು ನಿಲ್ಲಿಸಿ, ಅವನನ್ನು ಗೋಡೆಯ ಕಡೆ ತಿರುಗಿ ನಿಲ್ಲಲು ಹೇಳಿದರು. ಅವನು ಸುಣ್ಣದ ಬಿರುಕನ್ನೇ ನೋಡುತ್ತ ನಿಂತ.

"ಈಗ?"

"ಹಾಕಿದೀರೋ ತೆಗೆದಿದೀರೋ ಗೊತ್ತಾಗ್ತಿಲ್ಲ ಸರ್."

ಇವತ್ತಿಗೆ ಸೈನ್ ಮಾಡಿಬಿಡಿ, ನಾಳೆಯಿಂದ ಪರೀಕ್ಷೆಗೆ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರು ಜಯಸಿಂಹ, ಅವನ ಮುಖ ನೋಡದೆ. ಸತ್ಯಮೂರ್ತಿ ಕಾರ್ಡುಗಳ ಕಟ್ಟನ್ನು ನೀಲಾವತಿಯ ಮೇಜಿಗೆ ಸರಿಸಿದ.

"ನಂಗೆ ಕನ್ನಡದಲ್ಲಿ ಮಾತ್ರ ಸೈನ್ ಬರುದು," ಎಂದಳು ಅವಳು ಜಯಸಿಂಹರ ಕಡೆ ನೋಡಿ. ಅವರು ಕಾರ್ಡುಗಳ ಕಡೆ ಒಮ್ಮೆ ನೋಡಿ ಕೆಳಗಿಳಿದು ಹೋದರು.

ಅವಳು ಅವನ ಸ್ಟೂಲಿನ ಮೇಲೆ ಕೂತಳು. ಅವನು ಒಂದೊಂದಾಗಿ ಸೈರನ್ನಿಟ್ಟು ಸ್ವಿಚ್ ಹಾಕಿದ. ಅವಳು ಹೂಂ ಎಂದು ತಲೆಯಾಡಿಸಿ, ತುಟಿ ಕಚ್ಚಿಕೊಂಡು ಹೆಸರು ಬರೆದಳು. ಹದಿಮೂರು ಕೆಂಪು ಚೀಟಿಗಳನ್ನು ಅವನೇ ಉಗುರಿನಿಂದ ಕಿತ್ತ.

ಸರಕಿನಲ್ಲಿ ಕೊನೆಯದನ್ನು ಪೆಟ್ಟಿಗೆಯಿಲ್ಲದೆ ಬಯಲಿಗೆ ಕೂಗಿಸಿ ನೋಡುವುದು ನಿಯಮ. ಸೈರನ್ ಹಿಡಿದ ಕೈಯನ್ನು ಕಿಟಕಿಯ ಸರಳುಗಳಾಚೆ ಚಾಚಿ ಅವನು ಸ್ವಿಚ್ ಒತ್ತಿದ. ಕೆಳಗಿನ ಅಂಗಳದಲ್ಲಿ ಕೈಗಾಡಿ ತಳ್ಳುತ್ತಿದ್ದವನು ನಿಂತ. ಟೆಂಪೋದವನು ಬಾಗಿಲು ತೆಗೆದ. ನಲ್ಲಿಯ ಬಳಿಯಿದ್ದ ಹೆಂಗಸರೂ ತಿರುಗಿದರು. ಎಲ್ಲ ಮುಖಗಳೂ ಒಟ್ಟಿಗೆ ಮೇಲೆದ್ದು ಅವನನ್ನೇ ನೋಡಿದವು. ಅವನ ತಲೆಯ ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿದ್ದ ಸದ್ದು ಮಾತ್ರ ಇತ್ತು.