ಸಮುದ್ರದಂಡೆಯ ಹನ್ನೊಂದು ಮನೆ

ಪುರಸಭೆಯ ಸಭಾಂಗಣದಲ್ಲಿ ಊರಿನ ಹಳೆಯ ಫೋಟೋಗಳ ಪ್ರದರ್ಶನವಿದೆ ಎಂದು ತಿಳಿದರೂ ಒಂದು ಕಾಲದ ಫೋಟೋ ತಿದ್ದುಗಾರ ಹೋಗುವ ಮನಸ್ಸು ಮಾಡಿರಲಿಲ್ಲ. ಆದರೆ ಅಕ್ಕ ಬಿಡಬೇಕಲ್ಲ. ಎಂಬತ್ತು ದಾಟಿದ ಮೇಲೂ ಹಟಕ್ಕೆ ಬಿದ್ದರೆ ಬಿದ್ದಳೇ. "ನಮ್ಮನೆ ಫೋಟೋ ಇದ್ರೂ ಇರ್ಬಹುದು, ನಡಿಯೋ," ಎಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೇಬಿಟ್ಟಳು.

ಜನ ಸಮುದ್ರ ನೋಡಲೆಂದೇ ಈ ಊರಿಗೆ ಬರತೊಡಗಿದ ಕಾಲದಲ್ಲಿ ಅವನು ಒಂದು ಸ್ಟುಡಿಯೋದಲ್ಲಿ ಗಾಜಿನ ನೆಗೆಟಿವ್ ತಿದ್ದುತ್ತಿದ್ದ. ಮುಖದ ಕಲೆ ತೆಗೆಯುವುದು, ಬೊಕ್ಕತಲೆಗೆ ಕೂದಲು ಬರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಇವನು ಮುಟ್ಟಿದ ಮೇಲೆ ಗಿರಾಕಿಯನ್ನು ಹೆಂಡತಿಯೂ ಗುರುತು ಹಿಡಿಯಳು ಎಂದು ಮಾಲೀಕರು ನಗುತ್ತಿದ್ದರು.

ದಡದಲ್ಲಿ ಹೊಸ ಹೋಟೆಲು ಎದ್ದಾಗ ಅದರ ಯಜಮಾನರು ಪೋಸ್ಟ್‌ಕಾರ್ಡ್ ಮಾಡಿಸಲು ಬಂದರು. ಫೋಟೋದಲ್ಲಿ ಹೋಟೆಲಿನ ಪಕ್ಕಕ್ಕೇ ಮೀನುಗಾರರ ಹನ್ನೊಂದು ಮನೆಗಳಿದ್ದವು. "ಇವು ಕಾಣಬಾರದು. ಬರೀ ಮರಳು ಕಾಣಬೇಕು," ಎಂದರು. ಮೂರನೆಯ ಮನೆ ಅಕ್ಕನದು. ಬಾಗಿಲಲ್ಲಿ ಭಾವ ಬಲೆ ಸರಿಮಾಡುತ್ತ ಕೂತಿದ್ದರು. ತಿದ್ದುಗಾರ ಸಣ್ಣ ಕುಂಚ ಎತ್ತಿಕೊಂಡು ಗಾಜಿನ ಮೇಲೆ ಬಣ್ಣ ಹಚ್ಚತೊಡಗಿದ. ಎರಡೇ ದಿನದಲ್ಲಿ ಫೋಟೋದ ದಡ ಖಾಲಿಯಾಯಿತು. ಕೆಲಸ ನಾಜೂಕಾಗಿ ಬಂದಿದ್ದಕ್ಕೆ ಒಳಗೊಳಗೇ ಹಿಗ್ಗಿದ್ದ.

ಮರುವರ್ಷ ದಡದ ಮೇಲಿನ ನಿಜವಾದ ಮನೆಗಳನ್ನೂ ಎಬ್ಬಿಸಿದರು. ಭಾವನ ಒಂದು ಒಳ್ಳೆಯ ಫೋಟೋ ತೆಗೆಸಿಕೊಡು ಎಂದು ಅಕ್ಕ ಕೇಳಿದಾಗಲೆಲ್ಲ ಅವನು ಇವತ್ತು ನಾಳೆ ಎನ್ನುತ್ತ ಬಂದ. ಅಷ್ಟರಲ್ಲಿ ಭಾವ ತೀರಿಕೊಂಡರು.

ಸಭಾಂಗಣದಲ್ಲಿ ಅದೇ ಪೋಸ್ಟ್‌ಕಾರ್ಡನ್ನು ಗೋಡೆಯಷ್ಟು ದೊಡ್ಡದು ಮಾಡಿ ತೂಗುಹಾಕಿದ್ದರು.

"ಇದು ಹೋಟ್ಲು. ಇದು ಆ ದೊಡ್ಡ ಬಂಡೆ. ಹಾಗಾದ್ರೆ ನಮ್ಮನೆ ಇಲ್ಲೇ ಇರ್ಬೇಕಲ್ಲೋ?" ಎಂದಳು ಅಕ್ಕ.

ಮನೆ ಕಟ್ಟುವ ಮುಂಚಿನ ಫೋಟೋ ಇರಬೇಕು ಎಂಬ ಸುಳ್ಳು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಬೆರಳು ಖಾಲಿ ಮರಳಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹುಡುಕುತ್ತಿತ್ತು. ಅದನ್ನು ನೋಡಿ ಅವನಿಗೆ ಸುಳ್ಳು ಹೇಳಲಾಗಲಿಲ್ಲ.

"ಇತ್ತು ಅಕ್ಕ. ನಾನೇ ಬಣ್ಣ ಹಚ್ಚಿ ಮುಚ್ಚಿದೆ."

ಅಕ್ಕ ತಿರುಗಲಿಲ್ಲ. "ನಿಮ್ಮ ಭಾವ?"

"ಅವ್ರೂ ಇದ್ರು. ಬಾಗಿಲಲ್ಲಿ ಕೂತಿದ್ರು."

"ಬಣ್ಣ ತೊಳೆದ್ರೆ ಬರಲ್ವಾ?"

"ಬರ್ತಿತ್ತು. ಸ್ಟುಡಿಯೋ ಮುಚ್ಚಿದಾಗ ಗಾಜೆಲ್ಲ ಗುಜರಿಗೆ ಹಾಕಿದ್ರು. ಆವತ್ತೂ ನಾನಲ್ಲೇ ಇದ್ದೆ. ಅದೊಂದನ್ನ ತೆಗೆದಿಟ್ಕೋಬೇಕು ಅಂತ ಹೊಳೀಲೇ ಇಲ್ಲ."

ಅಕ್ಕನ ಬೆರಳು ಮರಳಿನ ಮೇಲೆ ಒಂದು ಕಡೆ ನಿಂತಿತು. ಆಮೇಲೆ ಕೇಳಿದಳು, "ನಗ್ತಿದ್ರಾ?"

ಅವನು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ. ಎರಡು ದಿನ ಭೂತಗನ್ನಡಿಯಲ್ಲಿ ಆ ಮುಖವನ್ನೇ ನೋಡಿದ್ದ. ಮುಚ್ಚಬೇಕಾದ ಒಂದು ಚುಕ್ಕೆ ಎಂದಷ್ಟೇ ನೋಡಿದ್ದ.

"ಗೊತ್ತಿಲ್ಲ ಅಕ್ಕ," ಎಂದ.

ಸಭಾಂಗಣದಿಂದ ಇಳಿಯುವಾಗ ಅವನು ಕೈ ಚಾಚಿದ. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ತಾನೇ ಇಳಿದಳು. ಮರುದಿನ ಅವನೊಬ್ಬನೇ ಹೋಗಿ, ಅಲ್ಲಿನ ಅಧಿಕಾರಿಯನ್ನು ಕಾಡಿ ಬೇಡಿ, ಇಲ್ಲಿ ಹನ್ನೊಂದು ಮನೆಗಳಿದ್ದವು ಎಂದು ಚಿತ್ರದ ಕೆಳಗೆ ಬರೆಸಿದ. ಬಂದು ಅಕ್ಕನಿಗೆ ಹೇಳಿದ. "ಒಳ್ಳೇದಾಯ್ತು ಬಿಡು," ಎಂದು ಅವಳು ಊಟಕ್ಕೆ ಬಡಿಸಿದಳು. ಮೊಮ್ಮಕ್ಕಳ ವಿಷಯ, ಮಂಡಿನೋವಿನ ವಿಷಯ ಎಲ್ಲ ಮಾತಾಡಿದಳು. ಭಾವನ ಮಾತನ್ನು ಮಾತ್ರ ಅವನ ಮುಂದೆ ಮತ್ತೆಂದೂ ಎತ್ತಲಿಲ್ಲ.